ನೀರ್ಕಾಗೆ, ಸಂಚಿಕೆ ೨೬೫

ಇಪ್ಪತ್ತೆರಡು ವರ್ಷ, ತಿಂಗಳಿಗೊಂದರಂತೆ
ಇನ್ನೂರ ಅರವತ್ತನಾಲ್ಕು ಸಲ
ಚಂದ್ರಗಿರಿ ಹೊಳೆಗೆ ಧುಮುಕಿದ್ದಾನೆ ಅವನು,
ಕಪ್ಪು ರೆಕ್ಕೆ, ಕೊಕ್ಕಿನ ಮುಖವಾಡ.
ಕೊನೆಯ ಪುಟದಲ್ಲಿ ಸೇತುವೆ ಕಂಬದ ಮೇಲೆ ಕೂತು
ರೆಕ್ಕೆ ಒಣಗಿಸುವ ಒಂದು ಚೌಕ, ಪ್ರತಿ ಸಲವೂ.
ಧುಮುಕಿಸಿದವರು ಅಚ್ಯುತ ಮಣಿಯಾಣಿ,
ಕುಂಬಳೆಯ ರೈಲ್ವೆ ಗೇಟಿನ ಹತ್ತಿರದ ಪ್ರೆಸ್ಸಿನಲ್ಲಿ
ಲೆಕ್ಕಪುಸ್ತಕದ ಹಿಂಬದಿಗೆ, ಪೆನ್ಸಿಲಿನಲ್ಲಿ.

ಕಣ್ಣಿನ ನರ ಸೋತು ಅವರು ಎದ್ದುಹೋದ ಮೇಲೆ
ಕುರ್ಚಿ ನನಗೆ ಬಂತು.
ಕುರ್ಚಿಯ ಗಿಡ್ಡ ಕಾಲಿನಡಿ ಮಡಚಿಟ್ಟಿದ್ದ ಸಂಚಿಕೆ ಹನ್ನೊಂದು.
ತೆಗೆದು ಓದಿದೆ, ಓಲಾಡುತ್ತ.

ಎಲ್ಲವನ್ನೂ ಓದಬೇಕಿತ್ತು, ಬೇರೆ ದಾರಿಯಿರಲಿಲ್ಲ.
ಅವನ ಎಡ ಮೊಣಕಾಲು ಅರವತ್ತೊಂದರಿಂದ ನೋಯುತ್ತಿದೆ,
ತಳಂಗರೆಯ ದಕ್ಕೆಯಲ್ಲಿ ಜಾರಿದ್ದು.
ನೂರಾ ಮೂರರಲ್ಲಿ ಕೋಟಿಕುಳದಲ್ಲಿ ರೈಲು ಹತ್ತಿದ
ಡಾಕ್ಟರ್ ಫಿಲೋಮಿನಾ ಇನ್ನೂ ಇಳಿದಿಲ್ಲ.
ಓದುವವರು ಮರೆತಿದ್ದಾರೆ. ನಾನು ಮರೆಯುವ ಹಾಗಿಲ್ಲ.
ನೂರ ನಲವತ್ತರಲ್ಲಿ ಮೊದಲಿಂದ ಕೊನೆವರೆಗೆ
ಅವನು ಒಂದು ಮಾತೂ ಆಡುವುದಿಲ್ಲ.
ಹುಡುಗಿಯಾಗಿದ್ದಾಗ ಅದನ್ನು ಬೆಂಚಿನಡಿ ಇಟ್ಟು
ಎಷ್ಟು ಆಳದ ಮೌನ ಎಂದು ಬೆರಗಾಗಿದ್ದೆ.
ಆ ತಿಂಗಳು ಮಣಿಯಾಣಿಯವರ ದವಡೆಹಲ್ಲು ಕಿತ್ತಿದ್ದರಂತೆ.
ಚಿತ್ರ ಬರೆಯುವ ಮೊಯ್ದೀನ್ ಕುಂಞಿ ಹೇಳಿದ್ದು, ನಗದೆ.

ಒಮ್ಮೆ ಮಾತ್ರ ತಲಪಾಡಿ ದಾಟಿದ್ದಾನೆ,
ಚೆಕ್‌ಪೋಸ್ಟಿನ ಮೇಲಿಂದ, ಸ್ಪಿರಿಟ್ ಲಾರಿಯ ಹಿಂದೆ.
ಉಪ್ಪಳದಿಂದ ಕಾರ್ಡು ಬಂತು:
ಆಚೆ ಹೋದವ ಯಾವ ಪೊಲೀಸರಿಗೆ ಸೇರಿದವ?
ಹೊಸಂಗಡಿಯಿಂದ ಇನ್ನೊಂದು:
ಅಲ್ಲೇ ಇರಲಿ, ಅವನ ಮಾತಾದರೂ ಅವರಿಗೆ ತಿಳಿದೀತು.
ಮರುತಿಂಗಳು ಅವನು ಇಲ್ಲೇ ಇದ್ದ. ಕಾರಣ ಬರೆದಿಲ್ಲ.
ಇಲ್ಲಿ ಇನ್‌ಸ್ಪೆಕ್ಟರ್ ಮಲಯಾಳದಲ್ಲಿ ಬೈಯುತ್ತಾನೆ,
ಬಲೂನಿನೊಳಗೆ ಬರುವಷ್ಟರಲ್ಲಿ ಅದು ಕನ್ನಡ.
ಖಳರ ನಗುವೊಂದೇ ಇದ್ದ ಹಾಗೇ ಬರುತ್ತದೆ,
ಹಹ್ಹಹ್ಹ, ಯಾವ ಊರಿನದೂ ಅಲ್ಲ.

ನಲವತ್ತರಲ್ಲಿ ಮೊಗ್ರಾಲಿನ ಚಾದಂಗಡಿಯಲ್ಲಿ
ಅವನು ಮೂರೂವರೆ ರೂಪಾಯಿ ಸಾಲ ಹೇಳಿದ್ದ.
ನನ್ನ ಮೊದಲ ಸಂಚಿಕೆಯಲ್ಲೇ ತೀರಿಸಿದೆ, ಎರಡು ಚೌಕದಲ್ಲಿ,
ಐದರ ನೋಟು, ಚಿಲ್ಲರೆ ಬೇಡವೆಂಬ ಕೈಸನ್ನೆ.
ಹೊಸಬಳ ಹುರುಪು.

ಅಚ್ಚಾದ ದಿನ ಮಣಿಯಾಣಿ ಬಂದರು, ಬಸ್‌ಸ್ಟ್ಯಾಂಡಿನಲ್ಲಿ
ದುಡ್ಡು ಕೊಟ್ಟೇ ಕೊಂಡ ಪ್ರತಿ ಕೈಯಲ್ಲಿ.
ಓದು ಎಂದರು. ಬಲೂನು ಓದಿದೆ.
ಅದಲ್ಲ, ಚಿತ್ರ ಓದು.

ಮೊದಲ ಚೌಕ: ಹೊಳೆ, ಅಂದೆ.
ನೀರು ಏರುತ್ತಿದೆಯೋ, ಇಳಿಯುತ್ತಿದೆಯೋ?
ಕುಂಞಿಯತ್ತ ನೋಡಿದೆ. ಅವನು ಶಾಯಿ ಬಾಟಲಿಯ ಮುಚ್ಚಳ ಹುಡುಕುತ್ತಿದ್ದ.
ಎರಡನೆಯದು. ಮೂರು. ಮೊಣಕಾಲು ಯಾವುದು ಮಡಚಿದ್ದಾನೆ?
ಎಡದ್ದು. ತಲೆದೂಗಿದರು.
ಚಾದಂಗಡಿ ಬಂತು. ನೋಟು ಬಂತು. ಕೈಸನ್ನೆ ಬಂತು.
ಅವರು ತುಂಬ ಹೊತ್ತು ಗೇಟಿನ ಗಂಟೆ ಕೇಳಿಸಿಕೊಂಡರು.

ಸಾಲ ಮುಗಿದರೆ ಮತ್ತೆ ಅವ ಆ ಅಂಗಡಿಗೆ
ಎಂತಕ್ಕೆ ಬರುವುದು ಮಾರಾಯ್ತಿ?

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ.
ಅವರನ್ನು ಹಳಿ ದಾಟಿಸಿ ಬಂದೆ.
ಕುರ್ಚಿಯ ಕಾಲಿಗೆ ಹೊಸದನ್ನೇ ಮಡಚಿ ಕೊಟ್ಟೆ, ಚೆನ್ನಾಗಿ ಹಿಡಿಯಿತು.

ಇನ್ನೂರ ಅರವತ್ತಾರು, ಮೊದಲ ಚೌಕ:
ಹೊಳೆ, ಇಳಿಯುವ ನೀರು, ಕಂಬಕ್ಕೆ ಮೊಳದಷ್ಟು ಒದ್ದೆಯ ಗುರುತು.
ಎರಡನೆಯದು: ಚಾದಂಗಡಿಯವ ಓಡಿಬರುತ್ತಿದ್ದಾನೆ,
ನೋಟನ್ನು ಬೆಳಕಿಗೆ ಹಿಡಿದು.
ಬಲೂನು: ಹರಿದದ್ದು ಇದು, ನಡೆಯುವುದಿಲ್ಲ,
ಇನ್ನೊಮ್ಮೆ ಬಂದಾಗ ಕೊಡಿ.